ಶೇಕಡಾ 99.8ರಲ್ಲಿ ನಿಂತ ಲೆಕ್ಕ

ಮನೆಯ ಮೂಲೆಯಲ್ಲಿ ಹಗಲುರಾತ್ರಿ ಚಾಲೂ ಇರುವ ಒಂದು ಹೋಮ್ ಸರ್ವರ್ ಇಟ್ಟುಕೊಂಡು, ಅದರ ಬಿಡುವಿನ ವೇಳೆಯನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಕೊಂಡಿರುತ್ತಾರೆ. ಪರದೆಯ ಮೇಲೆ ಶೇಕಡಾ 99.8 ಎಂದಿದೆ. ನಿನ್ನೆ ಮಲಗುವಾಗಲೂ ಅಷ್ಟೇ ಇತ್ತು. ಫ್ಯಾನು ತಿರುಗುತ್ತಿದೆ, ಮೀಟರೂ ತಿರುಗುತ್ತಿದೆ. ಒಳಗೆ ಲೆಕ್ಕ ನಡೆಯುತ್ತಿದೆಯೋ, ಕೆಟ್ಟು ಕೂತಿದೆಯೋ?

ಹೊರಗೆ ನಿಂತು ಇದಕ್ಕೆ ಖಚಿತ ಉತ್ತರ ಹೇಳುವ ಉಪಾಯ ಯಾರ ಹತ್ತಿರವೂ ಇಲ್ಲ. ಯಾವ ಪ್ರೋಗ್ರಾಮನ್ನು ಕೊಟ್ಟರೂ ಅದು ಎಂದಾದರೂ ಮುಗಿಯುತ್ತದೋ ಇಲ್ಲವೋ ಎಂದು ತೀರ್ಪು ಕೊಡಬಲ್ಲ ಇನ್ನೊಂದು ಪ್ರೋಗ್ರಾಮನ್ನು ಬರೆಯಲು ಸಾಧ್ಯವಿಲ್ಲ. ಈ ಫಲಿತಾಂಶದ ಬೇರು ಇರುವುದು ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಲ್ಲಿ; ಆಗಿನ್ನೂ ಇಂದಿನ ಅರ್ಥದ ಕಂಪ್ಯೂಟರೇ ಹುಟ್ಟಿರಲಿಲ್ಲ. ನಮ್ಮ ಮನೆಯ ಯಂತ್ರದ ಮೆಮೊರಿಗೆ ಒಂದು ಮಿತಿ ಇರುವುದರಿಂದ ತಾತ್ವಿಕವಾಗಿ ತಪ್ಪಿಸಿಕೊಳ್ಳುವ ಕಿಂಡಿಯೊಂದು ಉಂಟು ಎಂದು ಗಣಿತಜ್ಞರು ವಾದಿಸಬಹುದು. ಆದರೆ ಒಂದೇ ಒಂದು ಗಿಗಾಬೈಟ್ ಮೆಮೊರಿ ತಾಳಬಹುದಾದ ಸ್ಥಿತಿಗಳನ್ನೆಲ್ಲ ಪರೀಕ್ಷಿಸಲು ವಿಶ್ವದ ಆಯುಸ್ಸೂ ಸಾಲದು. ಹಾಗಾಗಿ ಎಂಜಿನಿಯರುಗಳು ತಿಳಿಯುವ ಆಸೆ ಬಿಟ್ಟು ಗಡುವು ಹಾಕುವ ದಾರಿ ಹಿಡಿದರು. ಇಷ್ಟು ಹೊತ್ತಿನೊಳಗೆ ಮುಗಿಯದಿದ್ದರೆ ಕೆಟ್ಟಿದೆ ಎಂದೇ ಲೆಕ್ಕ. ಹೀಗೆ ನಿಂತ ಲೆಕ್ಕದ ತುಂಡನ್ನು, ಅಂದರೆ ಟಾಸ್ಕನ್ನು, ಬಿಡಿಸಲು ಕೂರುವವರಿಗೆ ಇಂಥ ಗಡುವುಗಳು ಎಲ್ಲೆಲ್ಲಿ ಅಡಗಿವೆ ಎಂಬುದು ಗೊತ್ತಿರಬೇಕು.

ಮನೆಯ ಕಂಪ್ಯೂಟರುಗಳಿಗೆ ವಿಜ್ಞಾನದ ಲೆಕ್ಕ ಹಂಚುವ ಈ ವ್ಯವಸ್ಥೆ ಹುಟ್ಟಿದ ಬಗೆ ತಿಳಿದರೆ ಅದರ ಸ್ವಭಾವ ಬೇಗ ಅರ್ಥವಾಗುತ್ತದೆ. 1999ರ ಮೇ 17ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಿಂದ ಸೆಟಿ@ಹೋಮ್ ಹೊರಬಂತು. ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕಕ್ಕೆ ಸಿಕ್ಕ ಮಾಹಿತಿಯನ್ನು ಚೂರು ಚೂರು ಮಾಡಿ ಜನರ ಮನೆಯ ಕಂಪ್ಯೂಟರುಗಳಿಗೆ ಹಂಚಿ, ಅದರಲ್ಲಿ ಅನ್ಯಲೋಕದ ಸಂಕೇತವೇನಾದರೂ ಇದೆಯೇ ಎಂದು ಹುಡುಕಿಸುವುದು ಅದರ ಕೆಲಸ. ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿಕೊಂಡರು. ಅನ್ಯಗ್ರಹದವರು ಸಿಗಲಿಲ್ಲ, ಮೋಸಗಾರರು ಸಿಕ್ಕರು! ಅಂಕಪಟ್ಟಿಯಲ್ಲಿ ಮೇಲೇರುವ ಆಸೆಗೆ ಲೆಕ್ಕವನ್ನೇ ಮಾಡದೆ ಉತ್ತರ ಕಳಿಸಿದವರಿದ್ದರು. ಪ್ರೊಸೆಸರನ್ನು ಅದರ ಶಕ್ತಿ ಮೀರಿ ಓಡಿಸಿ, ತಪ್ಪು ಉತ್ತರವನ್ನು ತಮಗೇ ತಿಳಿಯದಂತೆ ಕಳಿಸಿದವರೂ ಇದ್ದರು. ಅದೇ ಬರ್ಕ್ಲಿಯ ಡೇವಿಡ್ ಆಂಡರ್ಸನ್ ಮತ್ತು ಸಂಗಡಿಗರು ಇಂಥ ಲೆಕ್ಕ ಹಂಚಲೆಂದು 2002ರಲ್ಲಿ ಶುರುಮಾಡಿದ ಬೋಯಿಂಕ್ ತಂತ್ರಾಂಶದಲ್ಲಿ ಈ ಅನುಭವವೆಲ್ಲ ಸೇರಿಕೊಂಡಿದೆ. ಸೆಟಿ@ಹೋಮ್ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಅರೆಸಿಬೊ ದೂರದರ್ಶಕ ಅದೇ ವರ್ಷದ ಡಿಸೆಂಬರ್ 1ರಂದು ಕುಸಿದುಬಿತ್ತು. ಬೋಯಿಂಕ್ ಮಾತ್ರ ಉಳಿಯಿತು. ಇಂದು ಐನ್‌ಸ್ಟೈನ್@ಹೋಮ್, ರೊಸೆಟ್ಟಾ@ಹೋಮ್, ಎಲ್‌ಎಚ್‌ಸಿ@ಹೋಮ್, ಆಕ್ಸ್‌ಫರ್ಡಿನ ಹವಾಮಾನ ಯೋಜನೆ ಎಲ್ಲವೂ ಅದರ ಮೇಲೇ ನಡೆಯುತ್ತವೆ.

ಬೋಯಿಂಕ್‌ನ ಮೈಯಲ್ಲಿ ಎರಡು ಗುಣ ಬೆರೆತಿವೆ. ಒಂದು ಸಂಕೋಚ, ಇನ್ನೊಂದು ಸಂಶಯ. ಮನೆ ಯಜಮಾನನ ಕೆಲಸಕ್ಕೆ ಅಡ್ಡಿಯಾಗಬಾರದು ಎಂಬ ಸಂಕೋಚ. ಯಜಮಾನನ ಯಂತ್ರ ಕೊಟ್ಟ ಉತ್ತರವನ್ನು ಹಾಗೇ ನಂಬಬಾರದು ಎಂಬ ಸಂಶಯ. ನಾವು 'ನಿಂತಿದೆ' ಎಂದು ದೂರುವ ಟಾಸ್ಕುಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದು ಕಾರಣಕ್ಕೆ, ಬೇಕೆಂದೇ ನಿಂತಿರುತ್ತವೆ.

ಸಂಕೋಚದ ಮಾತು ಮೊದಲು. ಬೋಯಿಂಕ್ ಅಲ್ಲದ ಬೇರೆ ಪ್ರೋಗ್ರಾಮುಗಳು ಪ್ರೊಸೆಸರಿನ ಶೇಕಡಾ 25ಕ್ಕಿಂತ ಹೆಚ್ಚು ಬಳಸಿದರೆ ಲೆಕ್ಕ ನಿಲ್ಲಿಸು ಎಂಬ ಒಂದು ಆಯ್ಕೆ ಅದರಲ್ಲಿದೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಇದು ಒಳ್ಳೆಯದೇ. ಆದರೆ ಹೋಮ್ ಸರ್ವರಿನ ದಿನಚರಿಯೇ ಬೇರೆ. ಅದರ ಮುಂದೆ ಯಾರೂ ಕೂರುವುದಿಲ್ಲ. ಆದರೂ ಒಳಗೆ ಸದಾ ಏನೋ ಓಡಾಟ. ಮನೆಯವರ ಫೋನಿನಿಂದ ಬಂದ ಫೋಟೊಗಳಲ್ಲಿ ಮುಖ ಗುರುತಿಸುವ ಕೆಲಸ, ಸಿನಿಮಾ ಫೈಲನ್ನು ಟಿವಿಗೆ ಹೊಂದುವಂತೆ ಬದಲಿಸುವ ಕೆಲಸ, ನಡುರಾತ್ರಿಯ ಬ್ಯಾಕಪ್. ಇವುಗಳಲ್ಲಿ ಒಂದು ತಲೆ ಎತ್ತಿದ ಕೂಡಲೇ ಬೋಯಿಂಕ್ ಬದಿಗೆ ಸರಿದು ನಿಲ್ಲುತ್ತದೆ. ಸರ್ವರಿಗೆ ಮಾನಿಟರ್ ಇರುವುದಿಲ್ಲವಾದ್ದರಿಂದ ಅದು ಸರಿದು ನಿಂತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ದಿನ ಕಳೆದು ನೋಡಿದವರಿಗೆ ಕಾಣುವುದು ಮುಂದೆ ಹೋಗದ ಅಂಕಿ ಮಾತ್ರ.

ನೋಡುವುದಾದರೂ ಹೇಗೆ? ಬೋಯಿಂಕ್‌ನ ಲೆಕ್ಕ ನಡೆಸುವ ಭಾಗವೇ ಬೇರೆ, ಅದನ್ನು ತೋರಿಸುವ ಕಿಟಕಿಯೇ ಬೇರೆ. ಲ್ಯಾಪ್‌ಟಾಪಿನಲ್ಲಿ ಕಿಟಕಿ ತೆರೆದು, ಮನೆಯ ನೆಟ್‌ವರ್ಕಿನ ಮೂಲಕ ಸರ್ವರಿಗೆ ಸೇರಿಸಿಕೊಳ್ಳಬಹುದು. ಅದಕ್ಕೆ ಬಳಸುವ ಪೋರ್ಟ್ ಸಂಖ್ಯೆ 31416. ಬರೆದವರು ಗಣಿತದವರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ, ಅದು ಪೈ ಬೆಲೆ. ಹೊರಗಿನ ಯಂತ್ರಗಳಿಗೆ ಈ ಬಾಗಿಲು ಮೊದಲಿಗೆ ಮುಚ್ಚಿಯೇ ಇರುತ್ತದೆ. ಲ್ಯಾಪ್‌ಟಾಪಿನ ವಿಳಾಸವನ್ನು ಅನುಮತಿ ಪಟ್ಟಿಗೆ ಸೇರಿಸಿ, ಸರ್ವರಿನಲ್ಲಿರುವ ಪಾಸ್‌ವರ್ಡ್ ಫೈಲಿನ ಒಂದು ಸಾಲನ್ನು ತಂದು ಕೊಟ್ಟರೆ ತೆರೆದುಕೊಳ್ಳುತ್ತದೆ. ಇಷ್ಟು ಮಾಡಿಕೊಂಡವರು ಮೊದಲು ಓದಬೇಕಾದದ್ದು ಶೇಕಡಾವಾರು ಕಾಲಮನ್ನಲ್ಲ, ಅದರ ಪಕ್ಕದ ಸ್ಥಿತಿಯ ಕಾಲಮನ್ನು. ಪ್ರೊಸೆಸರ್ ಬೇರೆ ಕೆಲಸದಲ್ಲಿದೆ, ಮೆಮೊರಿಗೆ ಕಾಯುತ್ತಿದೆ, ಸರದಿಗೆ ಕಾಯುತ್ತಿದೆ ಎಂದು ಅದು ತನ್ನ ಕಾರಣವನ್ನು ತಾನೇ ಬರೆದುಕೊಂಡಿರುತ್ತದೆ. ನನ್ನ ಅಂದಾಜಿನಲ್ಲಿ ಅರ್ಧಕ್ಕರ್ಧ ದೂರುಗಳು ಈ ಒಂದು ಕಾಲಮ್ ಓದಿದರೆ ಬಗೆಹರಿಯುತ್ತವೆ.

ಮೆಮೊರಿಗೆ ಕಾಯುವ ಕತೆಗೆ ರೊಸೆಟ್ಟಾ@ಹೋಮ್ ಒಳ್ಳೆಯ ಉದಾಹರಣೆ. ಪ್ರೋಟೀನಿನ ಸರಪಳಿ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂದು ಹುಡುಕುವ ಈ ಯೋಜನೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ಪ್ರಯೋಗಾಲಯದ್ದು. ಬೇಕರ್ 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು. ಸರಪಳಿಯ ಪ್ರತಿ ಕೊಂಡಿಯೂ ಎರಡು ಕೋನಗಳಲ್ಲಿ ತಿರುಗಬಲ್ಲದು. ಆದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದ ಎಲ್ಲ ಕೋನಗಳೂ ಸಾಧ್ಯವಿಲ್ಲ. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ಮೊದಲು ನಕ್ಷೆ ಬರೆದು ತೋರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು, 1963ರಲ್ಲಿ, ಮದ್ರಾಸಿನಲ್ಲಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಅವರೇ. ಒಂದು ಆಕಾರ ಒಳ್ಳೆಯದೋ ಕೆಟ್ಟದ್ದೋ ಎಂದು ರೊಸೆಟ್ಟಾ ಅಂಕ ಹಾಕುವಾಗ ಸೇರಿಸುವ ಅಂಶಗಳಲ್ಲಿ ಒಂದಕ್ಕೆ ಇವತ್ತಿಗೂ 'ರಾಮಾ' ಎಂದೇ ಹೆಸರು. ಮನೆಯ ಸರ್ವರ್ ಈ ಟಾಸ್ಕನ್ನು ಓಡಿಸುವಾಗಲೆಲ್ಲ ಆ ನಕ್ಷೆಯನ್ನು ಸಾವಿರಾರು ಸಲ ನೋಡುತ್ತಿರುತ್ತದೆ.

ಈ ಟಾಸ್ಕುಗಳಿಗೆ ಹಸಿವು ಜಾಸ್ತಿ. ಒಂದೊಂದಕ್ಕೆ ಒಂದು ಗಿಗಾಬೈಟ್ ದಾಟಿ ಮೆಮೊರಿ ಬೇಕಾಗುವುದುಂಟು. ಎಂಟು ಕೋರ್, ಎಂಟು ಗಿಗಾಬೈಟ್ ಇರುವ ಸರ್ವರಿನಲ್ಲಿ ಎಂಟು ಟಾಸ್ಕು ಒಟ್ಟಿಗೆ ಶುರುವಾದರೆ ಏನಾಗುತ್ತದೆ ಎಂದು ಬೆರಳೆಣಿಸಿಯೇ ಹೇಳಬಹುದು. ಬೋಯಿಂಕ್ ತನ್ನ ಪಾಲಿನ ಮಿತಿ ನೋಡಿಕೊಂಡು ಕೆಲವನ್ನು ನಿಲ್ಲಿಸಿದರೆ ಅದು ಮರ್ಯಾದೆಯ ನಿಲುಗಡೆ. ಅದು ಎಚ್ಚರಗೊಳ್ಳುವ ಮೊದಲೇ ಮೆಮೊರಿ ಖಾಲಿಯಾದರೆ ಲಿನಕ್ಸ್ ತಾನೇ ಯಾವುದೋ ಒಂದು ಪ್ರಕ್ರಿಯೆಯನ್ನು ಕೊಂದುಹಾಕುತ್ತದೆ, ಆ ಕೊಲೆಯ ದಾಖಲೆ ಬೋಯಿಂಕ್‌ನ ಲಾಗಿನಲ್ಲಿ ಸ್ಪಷ್ಟವಾಗಿ ಸಿಗುವುದಿಲ್ಲ, ಕರ್ನಲ್ ಲಾಗಿನಲ್ಲಿ ಸಿಗುತ್ತದೆ. ಬೋಯಿಂಕನ್ನು ಕಂಟೈನರಿನೊಳಗೆ ಇಟ್ಟವರಿಗೆ ಇನ್ನೂ ಒಂದು ತೊಡಕು. ಕಂಟೈನರಿಗೆ ಕೊಟ್ಟ ಮಿತಿ ನಾಲ್ಕು ಗಿಗಾಬೈಟ್ ಆಗಿದ್ದರೂ ಒಳಗಿನ ಬೋಯಿಂಕ್‌ಗೆ ಇಡೀ ಯಂತ್ರದ ಮೆಮೊರಿಯೇ ಕಾಣಿಸಬಹುದು. ಆಗ ಅದು ಇಲ್ಲದ ಆಸ್ತಿಯನ್ನು ನಂಬಿ ಖರ್ಚಿಗೆ ಇಳಿಯುತ್ತದೆ. ಇದಕ್ಕೆ ಸರಳ ಮದ್ದು, ಬಳಸುವ ಕೋರ್‌ಗಳ ಸಂಖ್ಯೆಯನ್ನೇ ಇಳಿಸುವುದು. ಎಂಟು ಟಾಸ್ಕು ಕುಂಟುವುದಕ್ಕಿಂತ ನಾಲ್ಕು ಟಾಸ್ಕು ಓಡುವುದು ಮೇಲು.

ಇನ್ನು ಆ 99.8ರ ವಿಚಾರ. ಪರದೆಯ ಶೇಕಡಾವಾರು ಅಂಕಿ ಎಲ್ಲ ಸಲವೂ ಅಳತೆಯಲ್ಲ. ತಾನು ಎಷ್ಟು ಮುಗಿಸಿದ್ದೇನೆ ಎಂದು ಲೆಕ್ಕದ ಪ್ರೋಗ್ರಾಮು ಆಗಾಗ ಬೋಯಿಂಕ್‌ಗೆ ಹೇಳುತ್ತಿರಬೇಕು. ಕೆಲವು ಪ್ರೋಗ್ರಾಮುಗಳು ಹೇಳುವುದೇ ಇಲ್ಲ, ಅಥವಾ ಹೇಳಲು ಅವುಗಳಿಗೇ ಗೊತ್ತಿರುವುದಿಲ್ಲ. ಆಗ ಬೋಯಿಂಕ್ ಕಳೆದ ಸಮಯ ನೋಡಿ ತಾನೇ ಒಂದು ಅಂಕಿ ಹುಟ್ಟಿಸುತ್ತದೆ. ಆ ಸೂತ್ರವನ್ನು ಎಂದೂ ನೂರು ಮುಟ್ಟದ ಹಾಗೆ ಹೆಣೆದಿದ್ದಾರೆ. ಮೊದಮೊದಲು ಸರಸರ ಏರುತ್ತದೆ, ಆಮೇಲೆ ನಿಧಾನ, ಕೊನೆಗೆ ದಶಾಂಶದ ಬಲಭಾಗದಲ್ಲಷ್ಟೇ ಸಣ್ಣ ಚಲನೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು 'ಈಗ ಹೊರಡ್ತದೆ ಹತ್ರೀ' ಎಂದು ಅರ್ಧ ಗಂಟೆಯಿಂದ ಕೂಗುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದರಿಂದ ಹೊರಡುವ ಹೊತ್ತು ತಿಳಿಯುವುದಿಲ್ಲ, ಬಸ್ಸು ಇದೆ ಎಂಬುದಷ್ಟೇ ತಿಳಿಯುತ್ತದೆ.

ನಂಬಬೇಕಾದ್ದು ಬೇರೆ ಎರಡು ಗಡಿಯಾರಗಳನ್ನು. ಟಾಸ್ಕಿನ ಗುಣವಿವರದ ಫಲಕ ತೆರೆದರೆ ಅಲ್ಲಿ ಕಳೆದ ಸಮಯ ಎಂಬ ಒಂದು ಸಾಲು, ಪ್ರೊಸೆಸರ್ ಸಮಯ ಎಂಬ ಇನ್ನೊಂದು ಸಾಲು ಕಾಣುತ್ತದೆ. ಮೊದಲನೆಯದು ಟಾಸ್ಕು ಚಾಲ್ತಿಯಲ್ಲಿದ್ದ ಹೊತ್ತು. ಎರಡನೆಯದು ಪ್ರೊಸೆಸರ್ ನಿಜಕ್ಕೂ ಅದಕ್ಕಾಗಿ ದುಡಿದ ಹೊತ್ತು. ಆರೋಗ್ಯವಂತ ಟಾಸ್ಕಿನಲ್ಲಿ ಎರಡೂ ಹೆಚ್ಚುಕಡಿಮೆ ಜೊತೆಜೊತೆಗೆ ಸಾಗುತ್ತವೆ. ಫಲಕವನ್ನು ಒಮ್ಮೆ ನೋಡಿ, ಎರಡು ಅಂಕಿಗಳನ್ನೂ ಚೀಟಿಯಲ್ಲಿ ಬರೆದಿಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮೊದಲನೆಯದು ಹತ್ತು ನಿಮಿಷ ಮುಂದೆ ಹೋಗಿ ಎರಡನೆಯದು ಇದ್ದಲ್ಲೇ ಇದ್ದರೆ ಟಾಸ್ಕು ಯಾವುದಕ್ಕೋ ಕಾಯುತ್ತಿದೆ. ಎರಡೂ ಸಮನಾಗಿ ಏರುತ್ತಿದ್ದರೆ ಅದು ದುಡಿಯುತ್ತಿದೆ. ಸರಿಯಾದ ದಾರಿಯಲ್ಲೋ, ಗಾಣದ ಸುತ್ತಲೋ ಎಂಬುದು ಮುಂದಿನ ಪ್ರಶ್ನೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ ಟಾಸ್ಕುಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ, ಅವುಗಳ ಪ್ರೊಸೆಸರ್ ಸಮಯ ಸಹಜವಾಗಿಯೇ ಕಡಿಮೆ.

ಆ ಮುಂದಿನ ಪ್ರಶ್ನೆಗೆ ಅದೇ ಫಲಕದ ಮೂರನೆಯ ಸಾಲು ಉತ್ತರ ಕೊಡುತ್ತದೆ: ಕಳೆದ ಚೆಕ್‌ಪಾಯಿಂಟಿನಿಂದ ಈಚೆಗಿನ ಪ್ರೊಸೆಸರ್ ಸಮಯ. ಕರೆಂಟು ಹೋದರೂ ದುಡಿಮೆ ಪೂರ್ತಿ ಹಾಳಾಗದಿರಲಿ ಎಂದು ಪ್ರೋಗ್ರಾಮು ಆಗಾಗ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುತ್ತದೆ, ಅದೇ ಚೆಕ್‌ಪಾಯಿಂಟ್. ನಿಮಿಷಕ್ಕೊಮ್ಮೆಗಿಂತ ಹೆಚ್ಚು ಬರೆಯಬೇಡ ಎಂಬುದು ಬೋಯಿಂಕ್‌ನ ಸಾಮಾನ್ಯ ಸೂಚನೆ. ಆದರೆ ಇಷ್ಟು ಹೊತ್ತಿಗೊಮ್ಮೆ ಬರೆಯಲೇಬೇಕು ಎಂಬ ಒತ್ತಾಯವಿಲ್ಲ. ಅದು ಪ್ರೋಗ್ರಾಮಿಗೆ ಅನುಕೂಲವಾದಾಗ. ಕೆಲವು ನಿಮಿಷಕ್ಕೊಮ್ಮೆ ಬರೆಯುತ್ತವೆ, ಕೆಲವು ಗಂಟೆಗಟ್ಟಲೆ ಬರೆಯುವುದಿಲ್ಲ. ಒಂದು ಟಾಸ್ಕಿನ ಚೆಕ್‌ಪಾಯಿಂಟುಗಳ ನಡುವೆ ಮೂರು ಗಂಟೆ ಅಂತರವಿದೆ, ಸರ್ವರ್ ಎರಡು ಗಂಟೆಗೊಮ್ಮೆ ಯಾವುದೋ ಕಾರಣಕ್ಕೆ ಮರುಚಾಲನೆಯಾಗುತ್ತಿದೆ ಎಂದಿಟ್ಟುಕೊಳ್ಳಿ. ಆ ಟಾಸ್ಕು ಎಂದೆಂದಿಗೂ ಮುಗಿಯದು. ಪ್ರತಿ ಸಲವೂ ಹಳೆಯ ಜಾಗಕ್ಕೆ ಜಾರಿ ಮತ್ತೆ ಹತ್ತುತ್ತದೆ. ಹೊರಗಿನಿಂದ ನೋಡಿದರೆ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿರುವಂತೆ ಕಾಣುತ್ತದೆ, ಫಲಿತಾಂಶ ಸೊನ್ನೆ. ನೂರು ವಾಟ್ ಎಳೆಯುವ ಯಂತ್ರ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ಕರೆಂಟನ್ನು ಹೀಗೆ ಗಾಳಿಗೆ ತೂರಬಲ್ಲದು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಹವಾಮಾನ ಮಾದರಿಯಂಥ ದೀರ್ಘ ಟಾಸ್ಕಿಗೆ ಕೈ ಹಾಕದಿರುವುದೇ ಲೇಸು. ಬಿಡುವಾದ ಟಾಸ್ಕುಗಳನ್ನು ಮೆಮೊರಿಯಲ್ಲೇ ಉಳಿಸು ಎಂಬ ಆಯ್ಕೆಯನ್ನು ಹಾಕಿಕೊಳ್ಳುವುದರಿಂದ, ಕರೆಂಟಿನ ಕಾಟ ತಪ್ಪದಿದ್ದರೂ, ಟಾಸ್ಕು ಬದಲಾಗುವಾಗಿನ ಹಿಂಜಾರಿಕೆ ತಪ್ಪುತ್ತದೆ.

ಪ್ರೊಸೆಸರ್ ಸಮಯ ಏರುತ್ತಿಲ್ಲ, ಸ್ಥಿತಿಯ ಕಾಲಮ್ಮಿನಲ್ಲಿ ಮಾತ್ರ 'ಓಡುತ್ತಿದೆ' ಎಂದೇ ಇದೆ ಎನ್ನುವಾಗ ಸರ್ವರಿನೊಳಗೆ ಇಳಿದು ನೋಡಬೇಕು. ಪ್ರತಿ ಟಾಸ್ಕಿಗೂ ಬೋಯಿಂಕ್ ಒಂದು ಸ್ಲಾಟ್ ಕೊಡುತ್ತದೆ. ಸ್ಲಾಟ್ ಎಂದರೆ ಸೊನ್ನೆಯಿಂದ ಎಣಿಸಿದ ಅಂಕಿಯೇ ಹೆಸರಾದ ಒಂದು ಫೋಲ್ಡರು. ಯಾವ ಟಾಸ್ಕಿಗೆ ಯಾವ ಸ್ಲಾಟ್, ಅದರ ಪ್ರಕ್ರಿಯೆ ಸಂಖ್ಯೆ ಎಷ್ಟು ಎಂಬುದೂ ಗುಣವಿವರದ ಫಲಕದಲ್ಲೇ ಇದೆ. ಆ ಸಂಖ್ಯೆಯನ್ನು ಹಿಡಿದು ಲಿನಕ್ಸಿನ 'ಟಾಪ್' ಪಟ್ಟಿಯಲ್ಲಿ ಹುಡುಕಿದರೆ ಅದರ ಮುಂದೆ ಒಂದೇ ಒಂದು ಅಕ್ಷರ ಸಿಗುತ್ತದೆ. 'ಆರ್' ಎಂದಿದ್ದರೆ ಓಡುತ್ತಿದೆ, 'ಎಸ್' ಎಂದರೆ ನಿದ್ದೆ, 'ಟಿ' ಎಂದರೆ ಯಾರೋ ತಡೆದು ನಿಲ್ಲಿಸಿದ್ದಾರೆ. ಎದೆ ಧಸಕ್ಕೆನಿಸಬೇಕಾದ್ದು 'ಡಿ' ಕಂಡಾಗ. ಅದು ಎಬ್ಬಿಸಲಾಗದ ನಿದ್ದೆ. ಪ್ರಕ್ರಿಯೆ ಡಿಸ್ಕಿನ ಉತ್ತರಕ್ಕೆ ಕಾಯುತ್ತಿದೆ, ಉತ್ತರ ಬರುವ ತನಕ ಕೊಲ್ಲಲೂ ಆಗದು. ಒಂದೆರಡು ಕ್ಷಣ 'ಡಿ' ಕಂಡರೆ ಚಿಂತೆಯಿಲ್ಲ. ನಿಮಿಷಗಟ್ಟಲೆ ಅಲ್ಲೇ ಇದ್ದರೆ ದೋಷ ಬೋಯಿಂಕ್‌ನದ್ದಲ್ಲ. ಸಾಯುತ್ತಿರುವ ಹಾರ್ಡ್ ಡಿಸ್ಕು, ಸವೆದ ಮೆಮೊರಿ ಕಾರ್ಡು, ಅಥವಾ ನೆಟ್‌ವರ್ಕಿನಾಚೆ ಇರುವ ಸಂಗ್ರಹ ಕೈಕೊಟ್ಟಿದೆ. ವಿಜ್ಞಾನದ ಟಾಸ್ಕು ಮನೆಯ ಫೋಟೊಗಳಿಗೆ ಅಪಾಯದ ಮುನ್ಸೂಚನೆ ಕೊಟ್ಟ ಹಾಗಾಯಿತು. ಮೊದಲು ಬ್ಯಾಕಪ್ ನೋಡಿಕೊಳ್ಳಿ.

ಸೋಮಾರಿ ಡಿಸ್ಕು ಇನ್ನೊಂದು ವಿಚಿತ್ರವನ್ನೂ ಮಾಡುತ್ತದೆ. ಬೋಯಿಂಕ್‌ನ ಮುಖ್ಯ ಪ್ರೋಗ್ರಾಮು ತನ್ನ ಕೈಕೆಳಗಿನ ಟಾಸ್ಕುಗಳಿಗೆ ಸೆಕೆಂಡಿಗೊಮ್ಮೆ 'ನಾನು ಬದುಕಿದ್ದೇನೆ' ಎಂಬ ಮಿಡಿತ ಕಳಿಸುತ್ತಿರುತ್ತದೆ. ಮೂವತ್ತು ಸೆಕೆಂಡು ಮಿಡಿತ ಬಾರದಿದ್ದರೆ, ಯಜಮಾನ ಹೋಗಿಬಿಟ್ಟ ಎಂದು ತಿಳಿದು ಟಾಸ್ಕು ತಾನಾಗಿ ಹೊರನಡೆಯುತ್ತದೆ. ಮುಖ್ಯ ಪ್ರೋಗ್ರಾಮು ಸತ್ತಮೇಲೆ ಅನಾಥ ಟಾಸ್ಕುಗಳು ಯಂತ್ರವನ್ನು ಹಿಂಡುತ್ತಾ ಉಳಿಯಬಾರದೆಂದು ಮಾಡಿದ ಏರ್ಪಾಡು ಇದು. ಆದರೆ ರಾತ್ರಿಯ ಬ್ಯಾಕಪ್ ಡಿಸ್ಕನ್ನು ಜಗ್ಗಾಡುವಾಗ ಮುಖ್ಯ ಪ್ರೋಗ್ರಾಮೇ ಮೂವತ್ತು ಸೆಕೆಂಡು ಉಸಿರು ಕಟ್ಟಿ ನಿಂತುಬಿಟ್ಟರೆ? ಎಲ್ಲ ಟಾಸ್ಕುಗಳೂ ಒಟ್ಟಿಗೆ ಎದ್ದು ಹೋಗುತ್ತವೆ, ಮತ್ತೆ ಚೆಕ್‌ಪಾಯಿಂಟಿನಿಂದ ಶುರುವಾಗುತ್ತವೆ. ಮಾರನೆಯ ದಿನ ಲಾಗಿನಲ್ಲಿ ಒಂದು ವಿಚಿತ್ರ ಸಾಲು ಕಾಣುತ್ತದೆ: ಟಾಸ್ಕು ತಪ್ಪಿಲ್ಲದೆ ಹೊರಬಂದಿದೆ, ಆದರೆ 'ಮುಗಿಸಿದೆ' ಎಂಬ ಗುರುತಿನ ಫೈಲು ಇಲ್ಲ. ಒಂದೆರಡು ಸಲವಾದರೆ ಬಿಟ್ಟುಬಿಡಬಹುದು. ಪ್ರತಿ ರಾತ್ರಿ ಬ್ಯಾಕಪ್ ಹೊತ್ತಿಗೇ ಆಗುತ್ತಿದ್ದರೆ ಆ ಗಂಟೆಯಲ್ಲಿ ಬೋಯಿಂಕ್‌ಗೆ ರಜೆ ಕೊಡುವುದು ವಾಸಿ, ಸಮಯದ ಪಟ್ಟಿ ಹಾಕಲು ಅದರಲ್ಲೇ ಸೌಲಭ್ಯವಿದೆ.

ಎಲ್‌ಎಚ್‌ಸಿ@ಹೋಮ್‌ನ ಕೆಲವು ಟಾಸ್ಕುಗಳು ಬೇರೆಯೇ ಜಾತಿ. ಜಿನೀವಾದ ಸರ್ನ್ ಸಂಸ್ಥೆಯ ಕಣಭೌತ ಲೆಕ್ಕಗಳು ಅವರದೇ ಲಿನಕ್ಸ್ ವಾತಾವರಣವನ್ನು ಕೇಳುವುದರಿಂದ ಇಡೀ ಒಂದು ಹುಸಿ ಕಂಪ್ಯೂಟರನ್ನೇ ನಮ್ಮ ಸರ್ವರಿನೊಳಗೆ ಎಬ್ಬಿಸುತ್ತವೆ. ಆ ಹುಸಿ ಯಂತ್ರ ಹೇಳಿದ ಮಾತು ಕೇಳದಿದ್ದರೆ ಟಾಸ್ಕನ್ನು ಮುಂದೂಡಲಾಗಿದೆ ಎಂಬ ಸಂದೇಶ ಬರುತ್ತದೆ, ಆಮೇಲೆ ಒಂದು ದಿನ ಸದ್ದಿಲ್ಲ. ಕಾಯಲು ಮನಸ್ಸಿಲ್ಲದಿದ್ದರೆ ಬೋಯಿಂಕ್ ಸೇವೆಯನ್ನು ಒಮ್ಮೆ ನಿಲ್ಲಿಸಿ ಶುರುಮಾಡಿದರೆ ಸಾಕು.

ಲೆಕ್ಕ ಮುಗಿದಮೇಲೂ ನಿಲ್ಲುವ ಸಾಧ್ಯತೆ ಉಂಟು. ಶೇಕಡಾ 100 ಆಗಿದೆ, ಅಪ್‌ಲೋಡ್ ಆಗುತ್ತಿಲ್ಲ, ಇಷ್ಟು ಗಂಟೆಗಳ ನಂತರ ಮರುಪ್ರಯತ್ನ ಎಂದು ಬರುತ್ತಿದೆ. ಸಾಮಾನ್ಯವಾಗಿ ಇದು ಯೋಜನೆಯವರ ಸರ್ವರ್ ಮಲಗಿದ ಸೂಚನೆ. ಸೆಟಿ@ಹೋಮ್‌ನವರು ಮಂಗಳವಾರ ಬಂತೆಂದರೆ ಡೇಟಾಬೇಸ್ ರಿಪೇರಿಗೆಂದು ಅಂಗಡಿ ಮುಚ್ಚುತ್ತಿದ್ದರು. ಸೋತ ಪ್ರತಿ ಸಲವೂ ಬೋಯಿಂಕ್ ಕಾಯುವ ಅವಧಿಯನ್ನು ಹಿಗ್ಗಿಸುತ್ತದೆ, ಜೊತೆಗೆ ಸ್ವಲ್ಪ ಲಾಟರಿಯನ್ನೂ ಬೆರೆಸುತ್ತದೆ. ಹಾಗೆ ಮಾಡದಿದ್ದರೆ ಸರ್ವರ್ ಎದ್ದ ಕ್ಷಣವೇ ಲಕ್ಷಾಂತರ ಮನೆಗಳು ಒಮ್ಮೆಲೇ ಬಾಗಿಲು ತಟ್ಟಿ ಅದನ್ನು ಮತ್ತೆ ಮಲಗಿಸುತ್ತಿದ್ದವು. ಗುಂಡಿ ಒತ್ತಿ ಒತ್ತಿ ಮರುಪ್ರಯತ್ನಿಸುವವರು ಈ ಶಿಸ್ತನ್ನು ಮುರಿಯುತ್ತಿರುತ್ತಾರೆ. ಕೋರ್‌ಗಳ ಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಅಪ್‌ಲೋಡುಗಳು ಬಾಕಿ ಬಿದ್ದರೆ ಆ ಯೋಜನೆಯಿಂದ ಹೊಸ ಕೆಲಸ ಕೇಳುವುದನ್ನೂ ಬೋಯಿಂಕ್ ನಿಲ್ಲಿಸುತ್ತದೆ. ಆಗ ಸರ್ವರ್ ಪೂರ್ತಿ ತಣ್ಣಗಾಗಿ, ಎಲ್ಲವೂ ಕೆಟ್ಟಿತೇನೋ ಎನಿಸುತ್ತದೆ.

ಈಗ ಸಂಶಯದ ಭಾಗ. ನಿಂತ ಟಾಸ್ಕನ್ನು ಹಾಗೇ ಬಿಟ್ಟರೇನು ನಷ್ಟ ಎಂದು ಕೇಳಬಹುದು. ಅನೇಕ ಯೋಜನೆಗಳಲ್ಲಿ ಒಂದೇ ಕೆಲಸವನ್ನು ಕನಿಷ್ಠ ಇಬ್ಬರಿಗೆ ಕಳಿಸುತ್ತಾರೆ, ಎರಡು ಉತ್ತರಗಳು ತಾಳೆಯಾದರೆ ಮಾತ್ರ ಒಪ್ಪುತ್ತಾರೆ. 2010ರಲ್ಲಿ ಐನ್‌ಸ್ಟೈನ್@ಹೋಮ್ ಅರೆಸಿಬೊ ದತ್ತಾಂಶದಲ್ಲಿ ಒಂದು ಹೊಸ ಪಲ್ಸಾರನ್ನು ಪತ್ತೆಮಾಡಿತು. ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಆ ನ್ಯೂಟ್ರಾನ್ ನಕ್ಷತ್ರದ ಶೋಧದ ಶ್ರೇಯ ಅಮೆರಿಕದ ಅಯೋವಾ ರಾಜ್ಯದ ಒಂದು ದಂಪತಿಗೂ ಜರ್ಮನಿಯ ಮೈನ್ಜ್ ನಗರದ ಒಬ್ಬರಿಗೂ ಸೇರಿತು, ಏಕೆಂದರೆ ಅವರ ಯಂತ್ರಗಳೆರಡೂ ಒಂದೇ ಸಂಕೇತವನ್ನು ಎತ್ತಿ ತೋರಿಸಿದ್ದವು. ಎರಡರಲ್ಲಿ ಒಂದು 99.8ರಲ್ಲಿ ನಿಂತಿದ್ದರೆ ಇನ್ನೊಂದರ ಉತ್ತರ ತಾಳೆಗೆ ಕಾಯುತ್ತಾ ಕೂರಬೇಕಾಗಿತ್ತು. ನಮ್ಮ ಮನೆಯಲ್ಲಿ ನಿಂತ ಟಾಸ್ಕಿಗೂ ಹೀಗೆ ಗುರುತಿಲ್ಲದ ಊರಲ್ಲಿ ಒಬ್ಬ ಜೊತೆಗಾರ ಇರುತ್ತಾನೆ, ಅವನ ದುಡಿಮೆಯೂ ನಮ್ಮ ಗಡುವು ಮುಗಿಯುವ ತನಕ ತೂಗುತ್ತಿರುತ್ತದೆ.

ಆದ್ದರಿಂದ ಪ್ರೊಸೆಸರ್ ಸಮಯ ಏರದೆ, ಕಾರಣವೂ ಸಿಗದೆ, ಸೇವೆಯನ್ನು ಒಮ್ಮೆ ಮರುಚಾಲನೆ ಮಾಡಿಯೂ ಕದಲದ ಟಾಸ್ಕನ್ನು ರದ್ದು ಮಾಡಲು ಹಿಂದೆಮುಂದೆ ನೋಡಬೇಕಿಲ್ಲ. ಹಠ ಹಿಡಿದು ಗಡುವಿನ ತನಕ ಇಟ್ಟುಕೊಳ್ಳುವುದು ನಿಷ್ಠೆ ಅಲ್ಲ. ಎರಡು ಗಡಿಯಾರಗಳೂ ಓಡುತ್ತಿರುವ ಟಾಸ್ಕನ್ನು ಮಾತ್ರ, ಅಂದಾಜಿನ ಎರಡು ಪಟ್ಟು ಹೊತ್ತಾಗಿದ್ದರೂ, ಮುಟ್ಟಬೇಡಿ. ಗಾಣ ಸುತ್ತುತ್ತಿದ್ದರೆ ಅದಕ್ಕೂ ಒಂದು ಕೊನೆ ಬರೆದಿಟ್ಟಿದ್ದಾರೆ. ಇಷ್ಟು ಗಣನೆ ಮೀರಿದರೆ ಕೆಟ್ಟಿದೆ ಎಂದು ತಿಳಿ ಎಂಬ ಮೇಲ್ಮಿತಿಯನ್ನು ಪ್ರತಿ ಕೆಲಸದ ಬೆನ್ನಿಗೂ ಕಟ್ಟಿಯೇ ಕಳಿಸಿರುತ್ತಾರೆ. ಅದು ದಾಟಿದ ಕ್ಷಣ ಬೋಯಿಂಕ್ ತಾನೇ ಟಾಸ್ಕನ್ನು ಮುಗಿಸಿ, ದೋಷ ಸಂಖ್ಯೆ 197 ಎಂದು ವರದಿ ಕಳಿಸುತ್ತದೆ.

ರದ್ದು ಮಾಡಿದ್ದಾಯಿತೆಂದು ಮರೆತುಬಿಡುವ ಮೊದಲು ಯೋಜನೆಯ ಖಾತೆಯಲ್ಲಿ ಆ ಕೆಲಸದ ಹೆಸರನ್ನು ತೆರೆದು ನೋಡುವುದು ಒಳ್ಳೆಯದು. ಅದೇ ಕೆಲಸ ಬೇರೆ ಯಾವ ಯಂತ್ರಗಳಿಗೆ ಹೋಗಿದೆ, ಅಲ್ಲಿ ಏನಾಯಿತು ಎಂಬ ಪಟ್ಟಿ ಅಲ್ಲಿರುತ್ತದೆ. ಬೇರೆಯವರೆಲ್ಲ ಸಲೀಸಾಗಿ ಮುಗಿಸಿದ್ದರೆ ಹುಡುಕಬೇಕಾದ ದೋಷ ನಮ್ಮ ಸರ್ವರಿನಲ್ಲಿದೆ: ಮೆಮೊರಿ, ಡಿಸ್ಕು, ಬಿಸಿ. ಅವರ ಸಾಲುಗಳೂ ಕೆಂಪಾಗಿದ್ದರೆ ನಮ್ಮ ಯಂತ್ರವನ್ನು ಬಿಚ್ಚುವ ಅಗತ್ಯವಿಲ್ಲ. ಯೋಜನೆಯವರು ಇಂತಿಷ್ಟು ಸೋಲುಗಳ ನಂತರ ಆ ಕೆಲಸವನ್ನೇ ದೋಷಪೂರಿತ ಎಂದು ಗುರುತುಹಾಕಿ ಹಂಚುವುದನ್ನು ನಿಲ್ಲಿಸುತ್ತಾರೆ.